ಮೃಗಯೆಯೆಂಬ ಸವತಿ

ಅರಸರಿಗೆ ಒದಗುವ ವ್ಯಸನಗಳನ್ನು ಎಣಿಸುವಾಗ ಮನುವು ಕಾಮದಿಂದ ಹುಟ್ಟತಕ್ಕವು ಹತ್ತು, ಕ್ರೋಧದಿಂದ ಹುಟ್ಟತಕ್ಕವು ಎಂಟು ಎಂದು ವಿಂಗಡಿಸಿ, ಮೊದಲ ಹತ್ತರಲ್ಲಿ ಮೃಗಯೆಗೆ ಅಗ್ರಾಸನವನ್ನು ಕೊಟ್ಟಿದ್ದಾನೆ. ಜೂಜು, ಹಗಲುನಿದ್ದೆ, ಮದ್ಯ, ಕಾರಣವಿಲ್ಲದ ಅಲೆದಾಟ ಇವೆಲ್ಲವೂ ಅದರ ಬೆನ್ನ ಹಿಂದೆ ಬರುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಈ ವಿಷಯವಾಗಿ ಒಂದು ಸ್ವಾರಸ್ಯವಾದ ವಾದವಿದೆ. ಜೂಜಿಗಿಂತ ಬೇಟೆಯೇ ಕೆಟ್ಟದ್ದೆಂದು ಪಿಶುನನ ಪಕ್ಷ: ಕಳ್ಳರ ಭಯ, ಹಗೆಗಳ ಭಯ, ಆನೆಯ ಭಯ, ಕಾಳ್ಗಿಚ್ಚು, ದಿಕ್ಕು ತಪ್ಪುವುದು, ಹಸಿವು, ನೀರಡಿಕೆ ಇವೆಲ್ಲ ಬೇಟೆಗಾರನನ್ನು ಮುತ್ತುತ್ತವೆಂದು ಅವನು ಹೇಳುತ್ತಾನೆ. ಕೌಟಿಲ್ಯನು ಅದನ್ನು ಒಪ್ಪುವುದಿಲ್ಲ. ಬೇಟೆಯಿಂದ ಮೈಗೆ ವ್ಯಾಯಾಮವಾಗುತ್ತದೆ, ಕಫಪಿತ್ತಗಳೂ ಕೊಬ್ಬೂ ಇಳಿಯುತ್ತವೆ, ನಿಂತ ಗುರಿಯನ್ನೂ ಓಡುವ ಗುರಿಯನ್ನೂ ಹೊಡೆಯುವ ಅಭ್ಯಾಸವಾಗುತ್ತದೆ, ಕೋಪದಲ್ಲಿಯೂ ಭಯದಲ್ಲಿಯೂ ಮೃಗಗಳ ಮನಸ್ಸು ಹೇಗಿರುತ್ತದೆಂಬುದು ತಿಳಿಯುತ್ತದೆ ಎಂಬುದು ಅವನ ಉತ್ತರ. ಇಬ್ಬರೂ ಘನವಿದ್ವಾಂಸರು, ವಾದವೂ ಘನವಾಗಿಯೇ ಇದೆ. ಆದರೆ ಕಾಳ್ಗಿಚ್ಚಿನ ಮಾತು ಬಂದ ಆ ಸಭೆಯಲ್ಲಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ದಾರಿ ನೋಡುತ್ತ ಕುಳಿತವಳ ಮಾತು ಎಲ್ಲಿಯೂ ಬರಲಿಲ್ಲ. ಮೃಗಗಳ ಮನಸ್ಸನ್ನು ಅರಿತ ಗಂಡನಿಗೆ ಮನೆಯವಳ ಮನಸ್ಸು ತಿಳಿದಿತ್ತೇ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಎತ್ತಲಿಲ್ಲ. ಅದನ್ನು ಎತ್ತಿದವರು ಕವಿಗಳು. ಅದೂ ನೇರವಾಗಿ ಅಲ್ಲ, ನಗೆಯ ಮರೆಯಲ್ಲಿ.

ಕಾಳಿದಾಸನ ಶಾಕುಂತಲದ ಎರಡನೆಯ ಅಂಕವನ್ನು ಬೇಟೆಯ ಮೇಲಿನ ದೂರುಪತ್ರವೆಂದೇ ಓದಬಹುದು. ದೂರು ಹೇಳುವವನು ವಿದೂಷಕ ಮಾಢವ್ಯ. ಅರಸನ ಬೇಟೆಯ ಹುಚ್ಚಿನಿಂದ ಅವನ ಬಾಳು ಕೆಟ್ಟಿದೆ. ಅಗೋ ಜಿಂಕೆ, ಇಗೋ ಹಂದಿ ಎಂದು ನಡುಹಗಲಿನಲ್ಲಿ ಕಾಡಿನಿಂದ ಕಾಡಿಗೆ ತಿರುಗಬೇಕು. ಎಲೆ ಕೊಳೆತು ಒಗರಾದ ಹಳ್ಳದ ನೀರನ್ನು ಕುಡಿಯಬೇಕು. ಹೊತ್ತುಗೊತ್ತಿಲ್ಲದೆ ಸುಟ್ಟ ಮಾಂಸವನ್ನು ತಿನ್ನಬೇಕು. ಕುದುರೆಯ ಮೇಲೆ ಕುಳಿತು ಕೀಲುಗಳೆಲ್ಲ ಸಡಿಲವಾದ ಮೇಲೆ ರಾತ್ರಿ ಕಣ್ಣು ಹತ್ತುವಷ್ಟರಲ್ಲಿ ಕಾಡನ್ನು ಸುತ್ತುಗಟ್ಟುವವರ ಕೂಗಿಗೆ ನಸುಕಿನಲ್ಲಿಯೇ ಏಳಬೇಕು. ಇದೆಲ್ಲವೂ ಒಬ್ಬ ಬ್ರಾಹ್ಮಣ ಗೆಳೆಯನ ಗೋಳೆಂದು ನಾಟಕದಲ್ಲಿದ್ದರೂ, ಬೇಟೆಗಾರನ ಮನೆಯಲ್ಲಿ ಬಾಳುವೆ ಮಾಡಿದ ಯಾವ ಗೃಹಿಣಿಯ ಬಾಯಲ್ಲಿಟ್ಟರೂ ಒಂದಕ್ಷರ ಬದಲಿಸಬೇಕಾದದ್ದಿಲ್ಲ. ಅಂತಃಪುರದ ರಾಣಿಯು ಅರಸನೆದುರಿಗೆ ಆಡಲಾಗದ್ದನ್ನು ಆಡುವುದಕ್ಕಾಗಿಯೇ ವಿದೂಷಕನೆಂಬ ಪಾತ್ರವು ನಾಟಕಗಳಲ್ಲಿ ಹುಟ್ಟಿದಂತೆ ಕೆಲವೊಮ್ಮೆ ತೋರುತ್ತದೆ.

ಮಾಢವ್ಯನ ಉಪಾಯವಾದರೂ ಎಂಥದು? ಜಗಳವಿಲ್ಲ, ಉಪದೇಶವಿಲ್ಲ. ಕೈಕಾಲು ಸೊಟ್ಟಗೆ ಮಾಡಿಕೊಂಡು, ಕೋಲನ್ನೂರಿ, ಅಂಗವಿಕಲನಂತೆ ಅರಸನೆದುರಿಗೆ ನಿಂತುಬಿಡುತ್ತಾನೆ. ಆಗ ಸೇನಾಪತಿಯು ಬರುತ್ತಾನೆ. ಬೇಟೆಯಿಂದ ಹೊಟ್ಟೆಯ ಬೊಜ್ಜು ಕರಗಿ ಮೈ ಹಗುರವಾಗುತ್ತದೆ, ಮೃಗಗಳ ಭಯಕ್ರೋಧಗಳ ಪರಿಚಯವಾಗುತ್ತದೆ, ಇದನ್ನು ವ್ಯಸನವೆನ್ನುವವರು ಸುಳ್ಳರು ಎಂದು ಅವನು ಹೊಗಳುವ ಹೊಗಳಿಕೆಯು ಕೌಟಿಲ್ಯನ ವಾದದ ಪಡಿಯಚ್ಚು. ಆದರೆ ಹೀಗೆ ಹೊಗಳುವುದಕ್ಕೆ ಮುಂಚೆ ಅದೇ ಸೇನಾಪತಿಯು ವಿದೂಷಕನ ಕಡೆಗೆ ತಿರುಗಿ, ನೀನು ನಿನ್ನ ಹಟವನ್ನು ಬಿಡಬೇಡ, ನಾನು ಮಾತ್ರ ಒಡೆಯನ ಮನಸ್ಸನ್ನು ಅನುಸರಿಸಿ ಮಾತನಾಡುತ್ತೇನೆ ಎಂದು ಗುಟ್ಟಾಗಿ ಹೇಳಿರುತ್ತಾನೆ! ಬೇಟೆಯ ಗುಣಗಳನ್ನು ಶಾಸ್ತ್ರೋಕ್ತವಾಗಿ ವರ್ಣಿಸುವವನಿಗೇ ಬೇಟೆ ಸಾಕಾಗಿದೆ. ಶಾಸ್ತ್ರವಾದಕ್ಕೆ ಇದಕ್ಕಿಂತ ಮೆತ್ತನೆಯ ಪೆಟ್ಟನ್ನು ಕೊಡುವುದು ಕಷ್ಟ. ಮಾಢವ್ಯನಾದರೋ ಸೇನಾಪತಿಯ ಭಾಷಣವನ್ನು ಕೇಳಿ, ನೀನು ಕಾಡಿನಿಂದ ಕಾಡಿಗೆ ಅಲೆಯುತ್ತ ಮನುಷ್ಯರ ಮೂಗಿಗೆ ಆಸೆಪಡುವ ಯಾವುದಾದರೊಂದು ಮುದಿಕರಡಿಯ ಬಾಯಿಗೆ ಬೀಳು ಎಂದು ಹರಸುತ್ತಾನೆ.

ಕಡೆಗೆ ಬೇಟೆಯೇನೋ ನಿಂತಿತು. ಆದರೆ ನಿಂತದ್ದು ವಿದೂಷಕನ ಗೋಳಿನಿಂದಲ್ಲ, ಶಕುಂತಲೆಯ ಕಣ್ಣುಗಳಿಂದ. ಒಬ್ಬ ಸವತಿಯನ್ನು ಮನೆಯಿಂದ ಹೊರಡಿಸಲು ಇನ್ನೊಬ್ಬ ಸವತಿಯು ಬರಬೇಕಾಯಿತು. ಈ ಸಮಯದಲ್ಲಿಯೇ ಊರಿನಿಂದ ರಾಜಮಾತೆಯ ಸಂದೇಶವು ಬರುತ್ತದೆ: ಬರುವ ನಾಲ್ಕನೆಯ ದಿನ ತನ್ನ ವ್ರತದ ಪಾರಣೆ, ಮಗನು ಹತ್ತಿರವಿರಬೇಕು ಎಂದು. ಕಾಡಿನಲ್ಲಿ ಕಾಲು ಸಿಕ್ಕಿಕೊಂಡ ಗಂಡಸನ್ನು ಮನೆಗೆ ಕರೆತರಲು ಹೆಂಗಸರ ಕೈಯಲ್ಲಿದ್ದ ಹಗ್ಗವೆಂದರೆ ವ್ರತ, ಉಪವಾಸ, ಪಾರಣೆಗಳೇ. ಇತ್ತ ಋಷಿಗಳ ಕಾರ್ಯ, ಅತ್ತ ತಾಯಿಯ ಅಪ್ಪಣೆ ಎಂದು ಅರಸನು ತಡಬಡಿಸಿದರೆ, ತ್ರಿಶಂಕುವಿನ ಹಾಗೆ ನಡುವೆ ನಿಲ್ಲು ಎಂದು ಮಾಢವ್ಯನ ಸಲಹೆ. ಅರಸನು ತನಗೆ ಬದಲಾಗಿ ಅವನನ್ನೇ ಊರಿಗೆ ಕಳುಹಿಸುತ್ತಾನೆ. ಇವನು ಅಂತಃಪುರದಲ್ಲಿ ಬಾಯಿಬಿಟ್ಟಾನೆಂದು ಹೆದರಿ, ಶಕುಂತಲೆಯ ಮಾತೆಲ್ಲವೂ ಬರಿಯ ವಿನೋದ, ನಿಜವೆಂದು ತಿಳಿಯಬೇಡ ಎನ್ನುತ್ತಾನೆ. ಈ ಒಂದು ಸುಳ್ಳಿನ ಬೆಲೆಯು ಐದನೆಯ ಅಂಕದಲ್ಲಿ ತಿಳಿದುಬರುತ್ತದೆ. ಶಾಪದಿಂದ ಮರೆವು ಕವಿದ ಅರಸನಿಗೆ ನೆನಪು ಮಾಡಿಕೊಡಬಹುದಾಗಿದ್ದ ಒಬ್ಬನೇ ಒಬ್ಬನು ಅದನ್ನು ವಿನೋದವೆಂದು ನಂಬಿ ಸುಮ್ಮನಿದ್ದನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತುಂಬಿದ ಬಸುರಿಯಾದ ಹೆಂಡತಿಯು ಸಭೆಯ ನಡುವೆ ನಿಂತು ಗಂಡನಿಂದ ನೀನು ಯಾರೆಂದು ಕೇಳಿಸಿಕೊಳ್ಳಬೇಕಾಯಿತು. ಆ ಕೆಟ್ಟದ್ದನ್ನು ನೆಟ್ಟಗೆ ಮಾಡಿದವನಾದರೂ ಯಾರು? ಶಕ್ರಾವತಾರದ ಒಬ್ಬ ಬಡ ಬೆಸ್ತ. ರೋಹಿತವೆಂಬ ಮೀನಿನ ಹೊಟ್ಟೆಯನ್ನು ಸೀಳಿ ಅವನು ಉಂಗುರವನ್ನು ತೆಗೆಯದಿದ್ದರೆ ದುಷ್ಯಂತನ ಸಂಸಾರವು ಕೂಡುತ್ತಿರಲಿಲ್ಲ. ಅವನ ಕಸುಬನ್ನು ಕಾವಲುಗಾರರು ಹಾಸ್ಯಮಾಡಿದಾಗ ಅವನು ಕೊಡುವ ಉತ್ತರದಲ್ಲಿ ಯಾವ ಸೇನಾಪತಿಯ ಭಾಷಣದಲ್ಲಿಯೂ ಇಲ್ಲದ ನೇರವಿದೆ. ಹೊಟ್ಟೆಗಾಗಿ ಬಲೆ ಬೀಸುವವನಿಗೂ ಬೇಸರಕ್ಕಾಗಿ ಬಿಲ್ಲು ಹಿಡಿಯುವವನಿಗೂ ಇರುವ ಅಂತರವು ಕಾಳಿದಾಸನಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಕವಿಯು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನ ಬೇಟೆಯನ್ನು ವರ್ಣಿಸುವಾಗ ಇನ್ನೂ ಸೂಕ್ಷ್ಮವಾದ ನಗೆಯನ್ನು ನಕ್ಕಿದ್ದಾನೆ. ಸರ್ಗದ ಆರಂಭದಲ್ಲಿ, ರಾಜ್ಯದ ಏಳಿಗೆಗಾಗಿ ದುಡಿಯುತ್ತಿದ್ದ ಆ ಅರಸನನ್ನು ಬೇಟೆಯಾಗಲಿ, ಜೂಜಾಗಲಿ, ಮದ್ಯವಾಗಲಿ, ಹೊಸಹರೆಯದ ಪ್ರಿಯತಮೆಯಾಗಲಿ ಸೆಳೆದೊಯ್ಯಲಿಲ್ಲವೆಂದು ಹೇಳುತ್ತಾನೆ. ಅರುವತ್ತು ಶ್ಲೋಕಗಳು ಕಳೆಯುವುದರೊಳಗೆ, ಬೇರೆಲ್ಲ ಕೆಲಸವನ್ನೂ ಮರೆತು, ರಾಜ್ಯದ ನೊಗವನ್ನು ಮಂತ್ರಿಗಳ ಹೆಗಲಿಗೇರಿಸಿದ ಆ ದೊರೆಯನ್ನು ಮೃಗಯೆಯು ಜಾಣೆಯಾದ ಕಾಮಿನಿಯಂತೆ ಸೆಳೆದೊಯ್ದಳು ಎನ್ನುತ್ತಾನೆ. ಎರಡೆಡೆಯಲ್ಲಿಯೂ ಧಾತು ಒಂದೇ, ಹರಣಾರ್ಥಕವಾದ ‘ಹೃ’. ಹೊಗಳಿಕೆಯಲ್ಲಿ ಅಲ್ಲವೆಂದದ್ದನ್ನು ಕಥೆಯಲ್ಲಿ ಹೌದೆಂದು ಒಪ್ಪಿಕೊಂಡದ್ದು ಕವಿಯ ಮರೆವೆಂದು ತಿಳಿಯುವವರು ಕಾಳಿದಾಸನನ್ನು ಓದದಿರುವುದೇ ಲೇಸು.

ಈ ಬೇಟೆಗೆ ಹೊರಡುವ ಮುಂಚೆ ದಶರಥನು ಮಂತ್ರಿಗಳ ಸಮ್ಮತಿಯನ್ನು ಪಡೆದನೆಂದು ಕಾವ್ಯದಲ್ಲಿ ಸ್ಪಷ್ಟವಾಗಿದೆ. ಮೂವರು ರಾಣಿಯರ ಸಮ್ಮತಿಯನ್ನು ಕೇಳಿದನೆಂದು ಇಲ್ಲ. ಆದರೂ ಅವರು ಅವನೊಡನೆ ಕಾಡಿಗೆ ಬಂದೇ ಇದ್ದರು. ಕಿವಿಯವರೆಗೆ ಹೆದೆಯನ್ನೆಳೆದು ಒಂದು ಗಂಡುಜಿಂಕೆಗೆ ಗುರಿಯಿಟ್ಟಾಗ ಹೆಣ್ಣುಜಿಂಕೆಯು ತನ್ನ ಮೈಯನ್ನೇ ಅಡ್ಡವಾಗಿಟ್ಟು ನಿಂತಿತು. ದಶರಥನು ಬಾಣವನ್ನು ಹಿಂದಕ್ಕೆ ತೆಗೆದನು. ಬೆದರಿದ ಜಿಂಕೆಗಳ ಕಣ್ಣುಗಳಲ್ಲಿ ಪ್ರಿಯೆಯರ ಕಣ್ಣುಗಳು ಕಂಡವು. ಬಿಗಿದ ಮುಷ್ಟಿಯು ತಾನೇ ಸಡಿಲವಾಯಿತು. ನವಿಲಿನ ಬಣ್ಣದ ಗರಿಗಳಲ್ಲಿ ಹೂಮಾಲೆ ಮುಡಿದ ತುರುಬು ಕಂಡಿತು. ಕುದುರೆಯ ಹತ್ತಿರಕ್ಕೇ ಹಾರಿಬಂದರೂ ಅದನ್ನು ಹೊಡೆಯಲಿಲ್ಲ. ಅರಮನೆಯ ತೊಟ್ಟಿಯಲ್ಲಿ ಕುಳಿತ ಹೆಂಡತಿಯರು ಅಷ್ಟು ದೂರದಿಂದಲೇ ಕಾಡಿನ ಪ್ರಾಣಿಗಳನ್ನು ಕಾಪಾಡಿದ ಕಥೆಯು ಇದಕ್ಕಿಂತ ಅಂದವಾಗಿ ಇನ್ನೆಲ್ಲಿಯೂ ಇರಲಾರದು. ಆ ಪುಣ್ಯವು ಹಂದಿಗಳಿಗೂ ಹುಲಿಗಳಿಗೂ ದೊರೆಯಲಿಲ್ಲ; ಅವುಗಳ ಮುಖದಲ್ಲಿ ರಾಣಿಯರ ಹೋಲಿಕೆ ಅರಸನಿಗೆ ಕಾಣಲಿಲ್ಲವೆಂಬುದು ಸಂಸಾರದ ಶಾಂತಿಯ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಬಳಿಕ ತಮಸಾನದಿಯ ದಡದಲ್ಲಿ ನಡೆದದ್ದು ಎಲ್ಲರೂ ಬಲ್ಲ ಕಥೆ. ಕೊಡವು ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಬಿಟ್ಟ ಬಾಣವು ಕುರುಡ ತಂದೆತಾಯಿಗಳ ಒಬ್ಬನೇ ಮಗನನ್ನು ಕೊಂದಿತು. ಇಲ್ಲಿ ವಾಲ್ಮೀಕಿಗೂ ಕಾಳಿದಾಸನಿಗೂ ಒಂದು ಭೇದವಿದೆ. ಅದನ್ನು ವ್ಯಾಖ್ಯಾನಗಳ ಸಂದಣಿಯಲ್ಲಿ ಮರೆಯುವುದುಂಟು. ಕಾಳಿದಾಸನಲ್ಲಿ ದಶರಥನು ಆಗಲೇ ಮೂವರನ್ನು ಮದುವೆಯಾದವನು. ಅದರಿಂದಲೇ ಮೃಗಯೆಯು ಜಾಣೆಯಾದ ನಾಲ್ಕನೆಯವಳಂತೆ ಬಂದಳೆಂಬ ಹೋಲಿಕೆಗೆ ಸ್ಥಳವಾಯಿತು. ಆದಿಕಾವ್ಯದಲ್ಲಿ ಹಾಗಲ್ಲ. ಅಲ್ಲಿ ಈ ಕಥೆಯನ್ನು ಕವಿಯು ಹೇಳುವುದಿಲ್ಲ, ದಶರಥನೇ ಕೌಸಲ್ಯೆಗೆ ಹೇಳುತ್ತಾನೆ. ರಾಮನು ಕಾಡಿಗೆ ಹೋದ ಆರನೆಯ ರಾತ್ರಿ, ನಡುವಿರುಳಿನಲ್ಲಿ ನೆನಪು ಬಂದು, ಆಗ ನಿನಗೆ ಮದುವೆಯಾಗಿರಲಿಲ್ಲ, ನಾನಿನ್ನೂ ಯುವರಾಜನಾಗಿದ್ದೆ ಎಂದು ಆರಂಭಿಸುತ್ತಾನೆ. ಮಳೆಗಾಲದ ಸಂಜೆ, ಸರಯೂ ತೀರ, ಶಬ್ದವೇಧಿಯೆಂದು ಹೆಸರಾಗಬೇಕೆಂಬ ಹುಡುಗುತನದ ಹಂಬಲ. ತಾನು ಆ ಮನೆಗೆ ಕಾಲಿಡುವ ಮುಂಚೆಯೇ ಆ ಮನೆಯನ್ನು ಹೊಕ್ಕಿದ್ದ ಶಾಪವನ್ನು ಕೌಸಲ್ಯೆಯು ಮಗನನ್ನು ಕಳೆದುಕೊಂಡ ಬಳಿಕ ಮೊದಲ ಸಲ ಕೇಳಿದಳು. ಕಾಳಿದಾಸನ ದಶರಥನಿಗಾದರೋ ಮಕ್ಕಳಿಲ್ಲದ ತನಗೆ ಪುತ್ರಶೋಕದ ಶಾಪವು ಕೂಡ ವರದಂತೆ ತೋರಿತು. ವಾಲ್ಮೀಕಿಯ ಕೌಸಲ್ಯೆಗೆ ಅಂಥ ಚಮತ್ಕಾರದ ಮಾತಿಗೆ ಆಸ್ಪದವೇ ಇರಲಿಲ್ಲ. ಅದೇ ರಾತ್ರಿ ಅರಸನು ತೀರಿಹೋದನು; ಅಳುತ್ತ ನಿದ್ದೆಹೋಗಿದ್ದ ರಾಣಿಯರಿಗೆ ಬೆಳಗಾದ ಮೇಲೆ ತಿಳಿಯಿತು. ಬೇಟೆಗಾರನ ಮನೆಯವರ ಎಲ್ಲ ನಗೆಯ ಅಡಿಯಲ್ಲಿಯೂ ಹುದುಗಿರುವ ಅಂಜಿಕೆಯು ಇದೇ. ಕಾಡಿನಿಂದ ಗಂಡನು ಬರುತ್ತಾನೋ ಇಲ್ಲವೋ ಎಂಬುದು ಅದರ ಅರ್ಧ ಮಾತ್ರ. ಬರುವಾಗ ಏನನ್ನು ಬೆನ್ನಿಗಂಟಿಸಿಕೊಂಡು ಬರುತ್ತಾನೋ ಎಂಬುದು ಉಳಿದರ್ಧ.

ಆ ಮನೆಯ ಸೊಸೆಯು ಈ ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದಳು. ಅರಣ್ಯಕಾಂಡದ ಒಂಬತ್ತನೆಯ ಸರ್ಗದಲ್ಲಿ ಸೀತೆಯು ರಾಮನಿಗೆ, ಸುಳ್ಳು ಪರಸ್ತ್ರೀಗಮನಗಳೆಂಬ ಎರಡು ದೋಷಗಳು ನಿನ್ನಲ್ಲಿ ಎಂದೂ ಇಲ್ಲ, ಹಗೆಯಿಲ್ಲದವರನ್ನು ಹಿಂಸಿಸುವ ಮೂರನೆಯದು ಮಾತ್ರ ಹತ್ತಿರ ಬಂದಂತಿದೆ ಎನ್ನುತ್ತಾಳೆ. ಆಮೇಲೆ ಒಂದು ಕಥೆ: ಇಂದ್ರನು ಒಬ್ಬ ತಪಸ್ವಿಯಲ್ಲಿ ಕತ್ತಿಯನ್ನು ಅಡವಿಟ್ಟುಹೋದನು, ಅದನ್ನು ಕಾಪಾಡುವ ನೆಪದಿಂದ ಹಣ್ಣು ಗೆಡ್ಡೆಗಳಿಗೆ ಹೋಗುವಾಗಲೂ ಕೈಯಲ್ಲಿಯೇ ಹಿಡಿದು ತಿರುಗಿದ ತಪಸ್ವಿಯ ಬುದ್ಧಿಯು ದಿನಕಳೆದಂತೆ ಕ್ರೂರವಾಯಿತು. ಇಷ್ಟನ್ನೂ ಹೇಳಿ, ಹೆಣ್ಣಿನ ಚಾಪಲ್ಯದಿಂದ ಆಡಿದೆ, ನಿನಗೆ ಧರ್ಮವನ್ನು ಹೇಳಬಲ್ಲವರಾರು ಎಂದು ಮುಗಿಸುತ್ತಾಳೆ. ಈ ಕೊನೆಯ ಮಾತನ್ನು ವಿನಯವೆಂದು ಕೆಲವರು ಹೊಗಳುತ್ತಾರೆ. ಅದರಲ್ಲಿ ಒಂದು ಕಿರುನಗೆಯೂ ಇಲ್ಲದಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನನಗೇನು ಗೊತ್ತು ಎನ್ನುವುದು ಗೃಹಿಣಿಯರ ಹಳೆಯ ವಾದಕೌಶಲ. ಹೀಗೆ ಬುದ್ಧಿ ಹೇಳಿದವಳೇ ಮುಂದೆ ಹೊನ್ನಿನ ಜಿಂಕೆಯನ್ನು ತಂದುಕೊಡೆಂದಳು. ಬೇಟೆಗೆ ಬಂದ ಅರಸರನ್ನು ಈ ವೇಷದಿಂದ ಕೊಲ್ಲುವ ಮಾರೀಚನಿವನು ಎಂದು ಲಕ್ಷ್ಮಣನು ಎಚ್ಚರಿಸಿದರೂ ಕೇಳುವವರಾರು? ಇಡೀ ರಾಮಾಯಣದಲ್ಲಿ ಹೆಂಡತಿಯು ಗಂಡನನ್ನು ತಾನಾಗಿ ಬೇಟೆಗೆ ಕಳುಹಿಸಿದ್ದು ಅದೊಂದೇ ಸಲ.

ಇನ್ನು ಕನ್ನಡನಾಡಿನ ಕಡೆಗೆ ಬಂದರೆ, ಇಲ್ಲಿಯ ಅರಸನೊಬ್ಬನು ಬೇಟೆಯ ಪಂಕ್ತಿಯನ್ನೇ ಬದಲಾಯಿಸಿಬಿಟ್ಟನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ಇಪ್ಪತ್ತಿಪ್ಪತ್ತರಂತೆ ಐದು ವಿಂಶತಿಗಳಾಗಿ ಹಂಚಿದೆ. ಮನುವು ವ್ಯಸನಗಳ ಪಟ್ಟಿಯಲ್ಲಿ ಮೊದಲು ಬರೆದ ಮೃಗಯೆಯನ್ನು ಸೋಮೇಶ್ವರನು ವಿನೋದಗಳ ವಿಂಶತಿಯಲ್ಲಿ ಸೇರಿಸಿದನು. ಮತ್ಸ್ಯವಿನೋದವೆಂದು ಮೀನು ಹಿಡಿಯುವುದಕ್ಕೂ ಪ್ರತ್ಯೇಕವಾದ ಅಧ್ಯಾಯವನ್ನು ಕೊಟ್ಟನು. ಪಟ್ಟಿಯನ್ನು ಬರೆಯುವವನು ಸ್ವತಃ ಗಾಳ ಹಾಕುವವನಾದರೆ ಹೀಗಾಗುವುದು ಸಹಜ. ಆ ಅಧ್ಯಾಯದಲ್ಲಿ ಸುಮಾರು ಮೂವತ್ತೈದು ಜಾತಿಯ ಮೀನುಗಳ ಹೆಸರುಗಳಿವೆ: ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಮೇವು ಎಂದು ಒಂದನ್ನೂ ಬಿಡದೆ ಹೇಳಿದೆ. ಚಕ್ರವರ್ತಿಯೊಬ್ಬನು ಮೀನಿನ ಊಟದ ಚಿಂತೆಯನ್ನು ಇಷ್ಟು ಮಾಡಿದ ಉದಾಹರಣೆಯು ವಿರಳ. ಉಪಭೋಗದ ವಿಂಶತಿಯಲ್ಲಿ ಹಂದಿಯ ರೋಮವನ್ನು ತೆಗೆಯುವ ಕ್ರಮದಿಂದ ಹಿಡಿದು ಮೀನು, ಆಮೆಗಳನ್ನು ಬೇಯಿಸುವ ಕ್ರಮದವರೆಗೆ ಪಾಕವಿಧಾನಗಳೂ ಇವೆ. ಹಿಡಿಯುವುದು ವಿನೋದ, ಉಣ್ಣುವುದು ಉಪಭೋಗ. ಇವೆರಡರ ನಡುವೆ ತೊಳೆಯುವುದು, ಹೆಚ್ಚುವುದು, ನಾತ ಕಳೆಯುವುದು ಎಂಬ ಮೂರನೆಯದೊಂದಿದೆಯಷ್ಟೆ. ಅದಕ್ಕೆ ಐದು ವಿಂಶತಿಗಳಲ್ಲಿ ಪ್ರತ್ಯೇಕವಾದ ಹೆಸರಿಲ್ಲ.

ಸೋಮೇಶ್ವರನಿಗಿಂತ ಸುಮಾರು ನೂರೆಂಬತ್ತು ವರ್ಷ ಹಿಂದಿನ ಆತಕೂರಿನ ಕಲ್ಲು ಇನ್ನೂ ಮನೋಹರವಾದದ್ದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ದೊರೆತ, ಶಕ ೮೭೨ರ ಈ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಬಿದ್ದ ಸುದ್ದಿಯು ಇದರಲ್ಲಿರುವುದರಿಂದ ಚರಿತ್ರಕಾರರಿಗೆ ಇದು ಅಮೂಲ್ಯ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚಿ, ಬೇಡಿದ್ದನ್ನು ಕೊಡುತ್ತೇನೆಂದನು. ಊರನ್ನು ಬೇಡಬಹುದಾಗಿತ್ತು, ಹೊನ್ನನ್ನು ಬೇಡಬಹುದಾಗಿತ್ತು. ಮಣಲೇರನು ಬೇಡಿದ್ದು ಬೂತುಗನ ಕಾಳಿಯೆಂಬ ಬೇಟೆನಾಯಿಯನ್ನು! ವರವನ್ನು ಪಡೆದು ಮನೆಗೆ ಬಂದವನ ಹಿಂದೆ ಹಗ್ಗದಲ್ಲಿ ನಾಯಿಯೊಂದೇ ಬಂದಾಗ ಬಾಗಿಲಲ್ಲಿ ಆರತಿ ಹಿಡಿದು ನಿಂತವಳ ಮುಖವು ಹೇಗಿದ್ದಿರಬೇಕೆಂಬುದನ್ನು ಶಾಸನವು ಹೇಳದಿದ್ದರೂ ಓದುವವರು ಊಹಿಸದಿರಲಾರರು. ಮುಂದೆ ಕೆಳಲೆನಾಡಿನಲ್ಲಿ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲಿಗೆ ಪೂಜೆ ಮಾಡದೆ ಗೊರವನು ಉಂಡರೆ ಪಾಪವೆಂಬ ಕಟ್ಟಳೆಯೂ ಆಯಿತು. ಅರಸನ ಹೆಸರಿದೆ, ಭಟನ ಹೆಸರಿದೆ, ನಾಯಿಯ ಹೆಸರಿದೆ. ಮಣಲೇರನ ಹೆಂಡತಿಯ ಹೆಸರಿಲ್ಲ. ಶಾಸನಗಳನ್ನು ಮಾತ್ರ ನಂಬಿ ಬರೆಯುವ ಚರಿತ್ರೆಯಲ್ಲಿ ಮನೆಯ ಅರ್ಧವು ಹೀಗೆ ಬಿಟ್ಟುಹೋಗುತ್ತದೆ. ವಿದೂಷಕನ ಮಾತನ್ನೂ ಕವಿಯ ಉಪಮೆಯನ್ನೂ ಚರಿತ್ರಕಾರನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಮೊಗಲರಲ್ಲಿ ಲೆಕ್ಕಕ್ಕೆ ಕೊರತೆಯಿರಲಿಲ್ಲ. ಜಹಾಂಗೀರನು ತನ್ನ ೧೨ನೆಯ ವಯಸ್ಸಿನಿಂದ ೫೦ರವರೆಗೆ ತನ್ನೆದುರಿನಲ್ಲಿ ಬೇಟೆಯಾದ ಪ್ರಾಣಿಗಳು ೨೮,೫೩೨, ಅವುಗಳಲ್ಲಿ ತಾನೇ ಹೊಡೆದವು ೧೭,೧೬೭ ಎಂದು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಒಮ್ಮೆ ಬಲೆಗೆ ಬಿದ್ದ ಹತ್ತು ಹನ್ನೆರಡು ಮೀನುಗಳ ಮೂಗಿಗೆ ಮುತ್ತು ಪೋಣಿಸಿ ಮತ್ತೆ ನೀರಿಗೆ ಬಿಟ್ಟನಂತೆ. ಮೂಗುತಿಯು ಮೀನಿಗೂ ಸಂದ ಮನೆ ಅದು. ಅವನ ರಾಣಿ ನೂರ್‌ಜಹಾನಳು ಸವತಿಯೊಡನೆ ಕಾದಾಡಲಿಲ್ಲ, ಅವಳನ್ನು ತಾನೇ ಕೈವಶ ಮಾಡಿಕೊಂಡಳು. ೧೬೧೭ರಲ್ಲಿ ಆನೆಯ ಮೇಲಿನ ಅಂಬಾರಿಯಿಂದ ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಕೆಡವಿದಳು. ಗಂಡನು ಹಿಗ್ಗಿ ಸಾವಿರ ಅಶರಫಿಗಳನ್ನು ನಿವಾಳಿಸಿದನು. ಮುಂದೆ ಜಹಾಂಗೀರನು ತನ್ನ ಕೈಯಿಂದ ಜೀವಹಿಂಸೆ ಮಾಡುವುದಿಲ್ಲವೆಂದು ವ್ರತ ತೊಟ್ಟನು. ೧೬೧೯ರಲ್ಲಿ ಮಥುರೆಯ ಹತ್ತಿರ ಹುಲಿಯ ಕಾಟವೆಂದು ಪ್ರಜೆಗಳು ಮೊರೆಯಿಟ್ಟಾಗ ಅವನ ವ್ರತವನ್ನು ಉಳಿಸಿದ್ದು ಹೆಂಡತಿಯ ಒಂದೇ ಗುಂಡು. ಬೇಲೂರಿನ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾತಿಯೂ ಒಬ್ಬಳಿರುವುದರಿಂದ, ಈ ಮಾರ್ಗವು ಕನ್ನಡಿಗರ ಕಲ್ಪನೆಗೂ ಹೊರಗಿನದಾಗಿರಲಿಲ್ಲವೆಂದು ಹೇಳಬಹುದು.

ಕಾಳಿದಾಸನ ಉಪಮೆಯು ಅಕ್ಷರಶಃ ನಿಜವಾದದ್ದು ಮಾತ್ರ ಕೊಡಗಿನಲ್ಲಿ. ಕೊಡವರಲ್ಲಿ ಹುಲಿಯನ್ನು ಕೊಂದ ವೀರನಿಗೆ ‘ನರಿ ಮಂಗಲ’ವೆಂಬ ಉತ್ಸವವಾಗುತ್ತಿತ್ತು. ನರಿಯೆಂದೊಡನೆ ಘಟ್ಟದ ಕೆಳಗಿನ ಕನ್ನಡಿಗರು ನಗಬಾರದು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ, ಮಂಗಲವೆಂದರೆ ಮದುವೆಯಂಥ ಶುಭಕಾರ್ಯ. ಸತ್ತ ಹುಲಿಯನ್ನು ತೂಗುಹಾಕಿ, ಅದರ ಪಕ್ಕದಲ್ಲಿ ಬೇಟೆಗಾರನನ್ನು ಮದುವಣಿಗನಂತೆ ಸಿಂಗರಿಸಿ ಕೂರಿಸುತ್ತಿದ್ದರು. ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಅಕ್ಕಿಯನ್ನು ತಳಿದು, ಹಾಲು ಕುಡಿಸಿ, ಮುಯ್ಯಿಯ ಹಣವನ್ನು ಕೊಡುತ್ತಿದ್ದರು. ಮನೆಯಲ್ಲಿ ಒಬ್ಬಳು ಹೆಂಡತಿಯಿದ್ದಂತೆಯೇ ಊರೆಲ್ಲ ಕೂಡಿ ಗಂಡನಿಗೆ ಮತ್ತೊಂದು ಮದುವೆ ಮಾಡಿದರೂ ಅವಳು ಬೇಸರಪಡದಿರುವ ಪ್ರಸಂಗವು ಇದೊಂದೇ. ಹೊಸ ಸವತಿಯು ಮಂಟಪಕ್ಕೆ ಬರುವಾಗಲೇ ಹೆಣವಾಗಿದ್ದಳಷ್ಟೆ. ೧೮೬೧ರಲ್ಲಿ ಬ್ರಿಟಿಷರು ಕೊಡವರಿಗೆ ಆಯುಧದ ಕಾನೂನಿನಿಂದ ವಿನಾಯಿತಿ ಕೊಟ್ಟ ಮೇಲೆ ಕೋವಿಯು ಮನೆಮನೆಯ ಸದಸ್ಯನಾಗಿ ಉಳಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಇಂದಿಗೂ ಹೂ ಮುಡಿಸುತ್ತಾರೆ. ಆ ಹೂವಿಗೆ ತೋಕ್ ಪೂ, ಅಂದರೆ ಕೋವಿಯ ಹೂವೆಂದೇ ಹೆಸರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹುಲಿಯ ಬೇಟೆಯು ನಿಂತು ನರಿ ಮಂಗಲವೂ ನಿಂತಿತು.

ಅದಕ್ಕೆ ಹಿಂದಿನ ದಿನಗಳಲ್ಲಿ ನಾಡಿನ ಹಲವು ಕಡೆಗಳಲ್ಲಿ ಹುಲಿಯ ಉಗುರಿಗೆ ಚಿನ್ನದ ಕಟ್ಟು ಹಾಕಿಸಿ, ಕೂಸಿಗೆ ದೃಷ್ಟಿ ತಾಗದಿರಲೆಂದು ಕೊರಳಿಗೆ ಕಟ್ಟುತ್ತಿದ್ದರು. ಗಂಡನು ತಿಂಗಳುಗಟ್ಟಲೆ ಬೆನ್ನುಹತ್ತಿ ತಿರುಗಿದವಳ ಉಗುರು ಹೀಗೆ ಕೊನೆಗೆ ತೊಟ್ಟಿಲಿನಲ್ಲಿ ಮಲಗಿದ ಮಗುವಿನ ಕಾವಲಿಗೆ ನಿಲ್ಲುತ್ತಿತ್ತು; ಅಕ್ಕಸಾಲಿಗನಿಗೆ ಚಿನ್ನವನ್ನು ತೂಗಿ ಕೊಡುತ್ತಿದ್ದವಳು ಮಾತ್ರ ಮನೆಯಾಕೆಯೇ.